ನಗಿ ಎಲ್ಲಿ ಬರ್ತದ ನೋಡ್ಕೋತ ಹೋದ ಏಳು ದಿನ

ಮೊದಲನೇ ದಿನ, ಕಲಬುರಗಿ

ಸಂಕ್ರಮಣಕ್ಕ ಐದು ದಿನ ಮುಂಚೆ ಬೆಂಗಳೂರಿಂದ ರಾತ್ರಿ ರೈಲು ಹತ್ತಿ ಮುಂಜಾನಿ ಕಲಬುರಗಿ ಸ್ಟೇಷನ್ನಿನಾಗ ಇಳಿದೆ. ಥಂಡಿ ಭಾಳ ಇತ್ತು. ಕೈಯಾಗ ತಗಡಿನ ಟ್ರಂಕು, ಅದರಾಗ ನನ್ನ ಇಡೀ ನಾಟಕ ಕಂಪನಿ: ಒಂದು ಇಳಕಲ್ ಸೀರಿ, ಒಂದು ಟುವಾಲ, ಕಣ್ಣಿಗಿ ಹಾಕೋ ಒಂದು ಚಾಳೀಸು, ಹರಿದ ಫೈಲು, ಕಂಡಕ್ಟರನ ಸೀಟಿ, ಹಳೇ ಮೊಬೈಲು, ಕಾಲರ್ ಮೈಕು. ಪಾತ್ರ ಏಳು, ಏಳೂ ನಾನೇ. ಲೈಟು ನೋಡ್ಲಕ ಒಬ್ಬ ತಮ್ಮ ಬರ್ತಾನ, ಅವ ಇಲ್ಲೇ ಆಳಂದ ರೋಡಿನಾವ, ಅವನ ಬಿಟ್ರ ಬ್ಯಾರೆ ಯಾರೂ ಇಲ್ಲ.

ಕಥಿ ಸಣ್ಣದು. ಗಂಡ ತೀರಿಕೊಂಡ ಮ್ಯಾಲ ಎರಡೆಕರೆ ತೊಗರಿ ಹೊಲದ ಪಹಣಿದಾಗ ತನ್ನ ಹೆಸರು ಹಾಕಸ್ಲಕ ಒಬ್ಬ ಹೆಣ್ಮಗಳು ತಹಸೀಲಿಗಿ ಹೋಗ್ತಾಳ, ಅಲ್ಲಿ ಹೋದ್ರ ಕಾಗದದಾಗ ಆಕಿ ಹೆಸರಿನ ಒಂದು ಅಕ್ಷರ ತಪ್ಪಿರ್ತದ, ಆ ಒಂದು ಅಕ್ಷರದ ಸಲೇಕ ಆಕಿ ಕಾರಕೂನ, ಏಜೆಂಟ, ಝರಾಕ್ಸ್ ಅಂಗಡಿ ಹುಡುಗ, ಮೈದುನ ಅಂತ ಆರು ಮಂದಿ ಹತ್ರ ತಿರುಗ್ತಾಳ. ಒಂದು ತಾಸು ಹತ್ತು ನಿಮಿಷ. ಮಂದಿ ಪೂರಾ ನಗಬೇಕು, ಆದ್ರ ಆಕಿ ಒಮ್ಮಿನೂ ನಗಂಗಿಲ್ಲ. ಹಾಂಗ ಬರದೀನಿ.

ಇದನ್ನ ಬೆಂಗಳೂರಾಗ 14 ಸಲ ಆಡೀನಿ. ಅಲ್ಲಿ ಮೊದಲನೇ ಮಾತಿಗೇ ನಗಿ ಬರ್ತದ. ಆಕಿ ಬಸ್ಸಿನ ಹಿಂದ ಓಡ್ಕೋತ "ನಿಂದರೋ ಯಪ್ಪಾ, ನಾ ಬರ್ಲಕತ್ತೀನಿ" ಅಂತಾಳ, ಹಾಲ್ ಪೂರಾ ನಗ್ತದ. ಶುರುವಿಗೆ ನನಗ ಖುಷಿ ಆಗ್ತಿತ್ತು. ಆಮ್ಯಾಲ ಒಂದಿನ ರಾತ್ರಿ ನಿದ್ದಿ ಬರ್ಲಿಲ್ಲ, ಆ ಮಾತಿನಾಗ ಏನದ ನಗೋವಂಥದು ಅಂತ ಕುಂತು ವಿಚಾರ ಮಾಡಿದೆ, ಏನೂ ಇಲ್ಲ, ಬರ್ಲಕತ್ತೀನಿ ಅನ್ನೋ ಶಬ್ದಕ್ಕ ನಗ್ತಾರ ಅಷ್ಟೇ. ಅಂದ್ರ ನಮ್ಮವ್ವ ಮಾತಾಡೋ ಮಾತಿಗಿ. ಮುಂದ ಒಂದು ಕಡಿ ಆಕಿ ಬುತ್ತಿ ಬಿಚ್ಚಿ "ರೊಟ್ಟಿ ಹಿಂಡಿ ಅದ, ಎರಡು ದಿನ ನಡೀತದ" ಅಂತಾಳ. ನಾ ಅದನ್ನ ನಗಸ್ಲಕ ಬರೆದಿದ್ದೇ ಅಲ್ಲ, ಆಕಿಗಿ ಇವತ್ತು ಊರಿಗಿ ಹೋಗೋ ಭರೋಸಾ ಇಲ್ಲ ಅನ್ನೋದು ಅದರಾಗ ಅದ. ಅಲ್ಲೂ ನಗಿ. ಯಾಕಂದ್ರ ಆ ಕಡಿ ಹಿಂಡಿ ಅಂದ್ರ ದನಕ್ಕ ಹಾಕೋದು, ನಮ್ಮಲ್ಲಿ ಶೇಂಗಾ ಹಿಂಡಿ, ಅಗಸಿ ಹಿಂಡಿ ಅಂದ್ರ ರೊಟ್ಟಿಗಿ ಹಚ್ಕೊಂಡು ತಿನ್ನೋದು. ಯಾರೂ ಕೆಟ್ಟವರಲ್ಲ, ಅವರಿಗಿ ಗೊತ್ತಿಲ್ಲ. ಆದ್ರ ನನಗ ಅವತ್ತಿಂದ ಒಂದು ಹಟ ಹಿಡೀತು, ಈ ಭಾಷಾ ನಗಿ ಅನಸ್ದೇ ಇರೋ ಊರಿನಾಗ ಇದನ್ನ ಆಡಬೇಕು, ಅಲ್ಲಿ ಉಳಿಯೋ ನಗಿ ಎಷ್ಟು ಅಂತ ಎಣಿಸಬೇಕು. ಅದಕ್ಕೇ ಈ ಏಳು ದಿನ.

ಸಂಜಿ ಆರೂವರಿಗಿ ಒಂದು ಸಣ್ಣ ಹಾಲಿನಾಗ ಶೋ. 120 ಮಂದಿ ಇದ್ದಿರಬೇಕು, ಹೆಣ್ಮಕ್ಕಳೇ ಹೆಚ್ಚು. "ನಾ ಬರ್ಲಕತ್ತೀನಿ" ಅಂದೆ. ಯಾರೂ ನಗ್ಲಿಲ್ಲ. ನಗಸೋ ನಾಟಕ ಆಡೋರ ಮೈಗಿ ಒಂದು ರೂಢಿ ಬಿದ್ದಿರ್ತದ, ನಗಿ ಬರೋ ಜಾಗದಾಗ ಎರಡು ಸೆಕೆಂಡ್ ಬಿಡ್ತೀವಿ, ನಗಿ ಏರಿ ಇಳಿಯೋ ಹೊತ್ತಿಗಿ ಮುಂದಿನ ಮಾತು ಹಿಡೀತೀವಿ, ಪೂರಾ ಇಳಿಯೋತನಕ ಕಾಯಬಾರ್ದು. ಆ ಎರಡು ಸೆಕೆಂಡ್ ಖಾಲಿ ಹೋದ್ರ ಎದಿ ಧಸ್ ಅಂತದ. ಮೊದಲ ಇಪ್ಪತ್ತು ನಿಮಿಷದಾಗ ಹಾಂಗ ಒಂಬತ್ತು ಸಲ ಆತು, ನಾನೇ ಎಣಿಸೀನಿ. ಹತ್ತನೇದು ಝರಾಕ್ಸ್ ಅಂಗಡಿ. ಹುಡುಗ "ಒರಿಜಿನಲ್ ಎಲ್ಲದ ತಗೊಂಬಾ" ಅಂತಾನ, ಆಕಿ "ನಾನೇ ಒರಿಜಿನಲ್ ಇದ್ದೀನಲ್ಲೋ ತಮ್ಮಾ, ನಿನ್ ಮುಂದೇ ನಿಂತೀನಿ" ಅಂತಾಳ. ಹಾಲ್ ಹಾರಿಹೋಗೋ ಹಾಂಗ ನಕ್ಕರು. ಬೆಂಗಳೂರಾಗ ಈ ಮಾತಿಗಿ ಇಷ್ಟು ನಗಿ ಎಂದೂ ಬಂದಿಲ್ಲ.

ಮುಗಿದ ಮ್ಯಾಲ ಒಬ್ಬ ವಯಸ್ಸಾದ ಅವ್ವ ಬಂದು ನನ್ನ ಕೈ ಹಿಡದು ಕೇಳಿದ್ಳು, "ಛಲೋ ಮಾಡ್ದಿ ಮಗಳೇ, ಆದ್ರ ನಡುನಡುವ ಯಾಕ ನಿಂದರ್ತಿದ್ದಿ, ಮಾತು ಮರ್ತಿದ್ದೇನು?"

ಎರಡನೇ ದಿನ, ಕಲಬುರಗಿ

ಮುಂಜಾನಿ ಎದ್ದು ಬಿಸಿನೀರು ಕುಡದು ಸ್ಕ್ರಿಪ್ಟ್ ಮುಂದಿಟ್ಕೊಂಡು ಕುಂತೆ. ಆ ಒಂಬತ್ತು ಜಾಗದಾಗ ಮಾತು ತೆಗೀಲಿಲ್ಲ, ಬರೇ ಕಾಯೋದನ್ನ ತೆಗದೆ. ಹೇಳ್ಲಕ ಇಷ್ಟೇ, ಮಾಡ್ಲಕ ಹೋದ್ರ ಉಸಿರಿನ ಲೆಕ್ಕ ಪೂರಾ ತಪ್ತದ, ಯಾಕಂದ್ರ ನಾ ಪಾತ್ರ ಬದಲ್ ಮಾಡೋದೂ ಅದೇ ಸಂದಿನಾಗ. ಕಾರಕೂನ ಅಂದ್ರ ಎಡಕ್ಕ ಕೆಳಗ ನೋಡ್ತೀನಿ, ಮೈದುನ ಅಂದ್ರ ಬಲಕ್ಕ ಮ್ಯಾಲ, ಟುವಾಲ ಹೆಗಲಿಂದ ಸೊಂಟಕ್ಕ ಬಂತು ಅಂದ್ರ ಏಜೆಂಟ. ನಗಿ ಇದ್ರ ಆ ಸದ್ದಿನ ಮರಿಗಿ ಟುವಾಲ ಎಳ್ಕೊಬಹುದು. ಈಗ ಮಂದಿ ಕಣ್ಣೆದುರಿಗೇ, ಮಾತಿನ ಮ್ಯಾಲ ಮಾತು ಆಡ್ಕೋತ ಬದಲಾಗಬೇಕು. ಮಧ್ಯಾಹ್ನ ಮಟ ಅದೇ ತಾಲೀಮು.

ಊಟಕ್ಕ ತಹರಿ ತಿಂದು ಆಟೋ ಮಾಡ್ಕೊಂಡು ಕಿಲ್ಲೆಕ ಹೋದೆ. ಒಳಗ 1367ರ ಜಾಮಿ ಮಸೀದಿ ಅದ, ಬ್ಯಾರೆ ಮಸೀದಿಗಳ ಹಾಂಗ ನಡುವ ತೆರೆದ ಅಂಗಳ ಇಲ್ಲ, ಪೂರಾ ಮ್ಯಾಲ ಛತ್ತು, ಒಳಗ ಕಮಾನಿನ ಹಿಂದ ಕಮಾನು. ಸಾಲಿ ದಿನದಾಗ ಸಹಲಿಗಿ ಬಂದಾಗ ಓಡ್ಯಾಡಿ ಹೋಗಿದ್ದೆ, ಈಗ ಒಂದು ಕಂಬಕ್ಕ ಆತು ಕುಂತು ಭಾಳ ಹೊತ್ತು ಸುಮ್ಮನ ಇದ್ದೆ. ಅಲ್ಲಿಂದ ಬಂದೇ ನವಾಜ್ ದರ್ಗಾ. ದಿಲ್ಲಿ ಕಡಿಂದ ಬಂದ ಆ ಸೂಫಿ 1422ರಾಗ ಇಲ್ಲೇ ತೀರಿಕೊಂಡ್ರು, ಇವತ್ತಿಗೂ ಎಲ್ಲಾ ಜಾತಿ ಮಂದಿ ಬರ್ತಾರ, ನಮ್ಮ ಮನಿಂದನೂ ಹೋಗ್ತಿದ್ರು.

ಆಟೋದ ಅಣ್ಣ ಮನಿಯಾಗ ದಖನಿ ಉರ್ದು ಮಾತಾಡಾವ. ನಾ ಏನು ಕೆಲಸ ಮಾಡ್ತೀನಿ ಅಂತ ಕೇಳ್ದ, ಹೇಳಿದೆ, ಬೆಂಗಳೂರಿನ ನಗಿ ಬಗ್ಗೆನೂ ಹೇಳಿದೆ. ಅವ ಅಂದ, "ಅಕ್ಕಾ, ನಮ್ದೂ ಅದೇ ಹಣೆಬರಾ. ಹಿಂದಿ ಪಿಕ್ಚರಿನಾಗ ನಮ್ಮ ಹಾಂಗ ಮಾತಾಡಾವ ಬಂದ ಅಂದ್ರ ನಗಸ್ಲಕೇ ಬಂದಾನ ಅಂತ ತಿಳ್ಕೊಬೇಕು. ನಮ್ಮಪ್ಪ ಸತ್ತಾಗ ನಾವು ಅತ್ತಿದ್ದೂ ಅದೇ ಭಾಷಾದಾಗೇ." ನಾ ಏನೂ ಅನ್ಲಿಲ್ಲ. ಆ ಭಾಷಾದಾಗ ನೂರಾರು ವರ್ಷದ ಹಿಂದೇ ಕಾವ್ಯ ಬರದಾರ, ಈಗ ಅದನ್ನ ಕಾಮಿಡಿಗಿ ಇಟ್ಟಾರ.

ಬರೋವಾಗ ಪಂಡಿತ ರಂಗಮಂದಿರದ ಮುಂದ ಆಟೋ ನಿಲ್ಸಿದೆ. ಚಿತ್ರ ಬರೆಯೋ ಎಸ್.ಎಂ. ಪಂಡಿತರು 1916ರಾಗ ಹುಟ್ಟಿದ್ದು ಇದೇ ಊರಾಗ, ಒಬ್ಬ ಕಲಾವಿದನ ಹೆಸರು ರಂಗಮಂದಿರಕ್ಕ ಇಟ್ಟಾರ ಅನ್ನೋದು ನನಗ ಸಣ್ಣಾಕಿ ಇದ್ದಾಗಿಂದ ಅಭಿಮಾನ. ಸ್ಟೇಜು ದೊಡ್ಡದು, ನನ್ನ ನಾಟಕಕ್ಕ ಅಷ್ಟು ಬ್ಯಾಡ, ಆದ್ರ ಎಂದಾದ್ರೂ ಒಮ್ಮಿ ಅಲ್ಲಿ ಆಡಬೇಕು ಅಂತ ಅದ.

ಸಂಜಿ ಅದೇ ಸಣ್ಣ ಹಾಲಿನಾಗ ಎರಡನೇ ಶೋ. ಒಂದು ತಾಸು ಹತ್ತು ನಿಮಿಷದ್ದು 58 ನಿಮಿಷಕ್ಕ ಮುಗೀತು. ಮಂದಿ ಇನ್ನೂ ಕುಂತೇ ಇದ್ರು.

ಮೂರನೇ ದಿನ, ಬೀದರ

ಕಲಬುರಗಿ ಬೀದರ ರೈಲು 2017ರಾಗ ಶುರು ಆತು, ಹಳಿ 110 ಕಿಲೋಮೀಟರ್, ಅದಕ್ಕ ಮುಂಚೆ ಟ್ರಂಕು ಹೊತ್ಕೊಂಡು ಬಸ್ಸಿಗೇ ಹೋಗಬೇಕಿತ್ತು. ಕಮಲಾಪುರ ದಾಟಿದ ಮ್ಯಾಲ ಮರಗುತ್ತಿ ಹತ್ರ ಸುರಂಗ ಬರ್ತದ, ಹುಡುಗ್ರು ಎಲ್ಲಾ ಒಮ್ಮಿಗೇ ಕೂಗ್ತಾವ. ಕಿಡಕಿ ಹೊರಗ ತೊಗರಿ ಕಟಾವು ನಡದಿತ್ತು, ಕೆಲವು ಕಡಿ ರಾಶಿನೂ. ಎದುರಿಗಿ ಕುಂತಿದ್ದ ಒಬ್ಬಾಕಿ ಕಮಲಾಪುರದ ಕೆಂಪು ಬಾಳಿಹಣ್ಣು ಕೊಟ್ಳು. ಶೋ ದಿನ ನಾ ಎಣ್ಣಿದು ತಿನ್ನಂಗಿಲ್ಲ, ಧ್ವನಿ ಹಿಡೀತದ, ಹಿಂಗಾಗಿ ಭಜಿ ಬ್ಯಾಡ ಅಂದಿದ್ದೆ, ಅದನ್ನ ನೆನಪಿಟ್ಟು ಹಣ್ಣು ತಗದ್ಳು.

ಬೀದರದಾಗ ಇಳಿದು ಮಹಮೂದ್ ಗವಾನರ ಮದರಸಾ ಕಡಿ ನಡ್ಕೋತ ಹೋದೆ. 1472ರದು. ಉಳಿದ ಒಂದು ಮಿನಾರಿನ ಮ್ಯಾಲ ಬಣ್ಣದ ಹಂಚಿನ ಚೂರು ಇನ್ನೂ ಅವ. ಹತ್ರ ಬಿದ್ರಿ ಕೆಲಸದ ಅಂಗಡಿ ಸಾಲು, ಒಂದರ ಮುಂದ ಒಬ್ಬ ಮಾಮು ಕುಂತು ಹೂಜಿ ಮ್ಯಾಲ ಕೊರೀಲಕತ್ತಿದ್ರು. ಕೇಳಿದೆ, ಹೇಳ್ಕೋತ ಹೋದ್ರು. ಸತುವಿಗಿ ಸ್ವಲ್ಪ ತಾಮ್ರ ಕೂಡಿಸಿ ಎರಕಾ ಹೊಯ್ತಾರ, ಅದು ಬೂದಿ ಬಣ್ಣ ಇರ್ತದ, ಅದರ ಮ್ಯಾಲ ಗೆರಿ ಕೊರದ್ರ ಕಾಣಂಗಿಲ್ಲ ಅಂತ ಮೈಲುತುತ್ತದ ನೀರು ತಿಕ್ಕಿ ಕರೀ ಮಾಡ್ಕೋತಾರ. ಆಮ್ಯಾಲ ಕೊರದು, ಬೆಳ್ಳಿ ತಂತಿ ಬಡದು ಕೂಡ್ಸಿ, ಉಜ್ಜಿದ್ರ ಆ ಕರೀ ಪೂರಾ ಹೋಗ್ತದ. ಕಡೀಕ ಕಿಲ್ಲೆದ ಮಣ್ಣು, ನವಸಾಗರ ಹಾಕಿದ ಬಿಸಿನೀರಿನಾಗ ಇಟ್ಟಾಗ ಬರೋದು ಎರಡನೇ ಕರೀ, ಅದು ಹೋಗಂಗಿಲ್ಲ, ಬೆಳ್ಳಿಗೂ ಹತ್ತಂಗಿಲ್ಲ. ಮಣ್ಣು ಸರಿ ಅದನೋ ಇಲ್ಲೋ ನಾಲಿಗಿ ಮ್ಯಾಲ ಇಟ್ಟು ನೋಡ್ತಾರಂತ. "ಮೊದಲಿನ ಕರೀ ಗೆರಿ ಕಾಣ್ಲಕ ಬೇಟಾ, ಅದನ್ನೇ ಪಾಲಿಶ್ ಅಂತ ಮಾರಿದ್ರ ಗಿರಾಕಿಗಿ ಮೋಸ" ಅಂದ್ರು ಮಾಮು. ನಾ ಅಲ್ಲೇ ಎರಡು ತಾಸು ಕುಂತೆ, ಚಾ ಎರಡು ಸಲ ಬಂತು. ನನ್ನ ಬೆಂಗಳೂರಿನ ಆ ಒಂಬತ್ತು ನಗಿ ಮೊದಲಿನ ಕರೀ ಅಂತ ನನ್ನ ತಲಿಯಾಗ ಕುಂತುಬಿಡ್ತು, ಇನ್ನೂ ಹೋಗಿಲ್ಲ.

ಇಲ್ಲಿ ರಂಗಮಂದಿರಕ್ಕ ಚನ್ನಬಸವ ಪಟ್ಟದ್ದೇವರ ಹೆಸರು. ನಿಜಾಮನ ಕಾಲದಾಗ ಹೊರಗ ಉರ್ದು ಬೋರ್ಡು ಹಾಕಿ ಒಳಗ ಕನ್ನಡ ಕಲಿಸಿದ ಭಾಲ್ಕಿ ಮಠದ ಅಪ್ಪಾ ಅವರು. ಬೀದರ ಮಂದಿ ಮುಂದ ಕನ್ನಡ ನಾಟಕ ಆಡ್ಲಕ ನಿಂತಾಗ ಈ ಮಾತು ನೆನಪಾಗ್ದೇ ಇರಂಗಿಲ್ಲ.

ನನ್ನ ಶೋ ಒಂದು ಸಾಲಿ ಅಂಗಳದಾಗ. ಬೀದರದಾಗ ಮಂದಿ ಒಂದೇ ಮಾತಿನಾಗ ಕನ್ನಡ ಮರಾಠಿ ಉರ್ದು ಮೂರೂ ತರ್ತಾರ, ಅದು ಅವರಿಗಿ ಗೊತ್ತೂ ಆಗಂಗಿಲ್ಲ. ಕಾರಕೂನ "ನಾಳಿ ಬಾ" ಅನ್ನೋ ಜಾಗದಾಗ ಇಲ್ಲಿ ಒಮ್ಮಿ "ಕಲ್ ಆವ್", ಇನ್ನೊಮ್ಮಿ "ಉದ್ಯಾ ಯಾ", ಮೂರನೇ ಸಲ "ನಾಳಿ ಬಾರವ್ವ" ಅಂದೆ. ಮೂರು ಭಾಷಾದಾಗೂ ಕೆಲಸ ಆಗಂಗಿಲ್ಲ. ಮೂರನೇದಕ್ಕ ಬಂದ ನಗಿ ಅಂಗಳ ದಾಟಿ ರೋಡಿಗಿ ಹೋಗಿರಬೇಕು.

ನಾಲ್ಕನೇ ದಿನ, ಬಸವಕಲ್ಯಾಣ ಕಡಿ ಒಂದು ಹಳ್ಳಿ

ಹುಮನಾಬಾದಿನಾಗ ಬಸ್ ಬದಲ್ ಮಾಡೋವಾಗ ಗದ್ದಲದಾಗ ಟ್ರಂಕು ಡಿಕ್ಕಿದಾಗೇ ಉಳೀತು. ತಪ್ಪು ನಂದೇ, ತಮ್ಮನ ಹತ್ರ ಅದ ಅಂತ ನಾ ತಿಳ್ಕೊಂಡೆ, ನನ್ನ ಹತ್ರ ಅದ ಅಂತ ಅವ. ಬಸವಕಲ್ಯಾಣ ಮುಟ್ಟಿದ ಮ್ಯಾಲ ಗೊತ್ತಾತು. ಫೋನ್ ಮಾಡಿ ಮಾಡಿ ಸಾಕಾತು, ಕಡೀಕ ಒಬ್ಬರು ಹುಡುಕಿ ತೆಗದು ಇಟ್ಟೀವಿ ನಾಳಿ ಒಯ್ರಿ ಅಂದ್ರು. ಶೋ ಮಾತ್ರ ಇವತ್ತು. ಕೈಕಾಲು ತಣ್ಣಗಾದ್ವು, ಸೀರಿ ಇಲ್ಲ, ಮೈಕಿಲ್ಲ, ಸೀಟಿ ಇಲ್ಲ.

ತಮ್ಮ ಹಳ್ಳಿಗಿ ಮುಂದ ಹೋದ, ನಾ ಒಂದು ತಾಸು ಊರಾಗೇ ಉಳದೆ. ಇದು ಕಲ್ಯಾಣ. 12ನೇ ಶತಮಾನದಾಗ ಅನುಭವ ಮಂಟಪ ಇದ್ದ ಊರು, ಅದು ಎಲ್ಲರಿಗೂ ಗೊತ್ತು. ಆ ಶರಣರೊಳಗ ನಗೆಯ ಮಾರಿತಂದೆ ಅಂತ ಒಬ್ಬರು ಇದ್ರು, ಮಂದಿನ ನಗಸೋದೇ ಅವರ ಕಾಯಕ. ಬಹುರೂಪಿ ಚೌಡಯ್ಯ ಅಂತ ಇನ್ನೊಬ್ಬರು, ವೇಷ ಹಾಕಿ ಆಡೋದು ಅವರ ಕಾಯಕ. ಇಬ್ಬರ ವಚನಗಳೂ ಇವತ್ತಿಗೂ ಸಿಗ್ತಾವ. ಚಪ್ಪಲಿ ಹೊಲಿಯೋದು, ದೋಣಿ ನಡಸೋದು, ನಗಸೋದು ಎಲ್ಲಾ ಒಂದೇ ಸಾಲಿನಾಗ ಇಟ್ಟ ಊರು ಇದು. ನನ್ನ ಕೆಲಸಕ್ಕ ಎಂಟುನೂರು ವರ್ಷದ ಹಿಂದೇ ಯಾರೋ ಕಾಯಕ ಅಂತ ಹೆಸರಿಟ್ಟಾರ ಅಂತ ಗೊತ್ತಿದ್ದೂ ಈ ಊರಿಗಿ ನಾ ಬಂದಿದ್ದಿಲ್ಲ. ಬರೇ ಮಣ್ಣು ಮುಟ್ಟಿ ಹಣಿಗಿ ಹಚ್ಕೊಂಡೆ.

ಹಳ್ಳಿದಾಗ ಹಣಮಪ್ಪನ ಗುಡಿ ಕಟ್ಟಿ ಮ್ಯಾಲ ಶೋ. ಸೀರಿ ನಾ ಉಟ್ಟಿದ್ದೇ, ಟುವಾಲ ಒಬ್ಬ ಕಾಕಾ ಕೊಟ್ರು, ಫೈಲಿಗಿ ಸಾಲಿ ಹುಡುಗಿ ನೋಟ್‌ಬುಕ್ಕು, ಚಾಳೀಸು ಮುಂದ ಕುಂತಿದ್ದ ಒಬ್ಬ ಆಯಿದು. ಆಕಿದು ಭಾಳ ನಂಬರಿಂದು, ಹಾಕ್ಕೊಂಡ ಕೂಡ್ಲೇ ನನಗ ಮಂದಿನೇ ಕಾಣ್ಲಿಲ್ಲ, ಬರೇ ಬಲ್ಬಿನ ಬೆಳಕು ಹರಡಿದ್ದು ಕಾಣ್ತಿತ್ತು. ಕಾರಕೂನನ ಪಾತ್ರ ಅವತ್ತು ತಾನಾಗೇ ಬದಲಾತು, ಅವ ಆ ಹೆಣ್ಮಗಳ ಮಾರಿನೇ ನೋಡ್ಲಿಲ್ಲ, ಕಾಗದ ಮೂಗಿಗಿ ಹಿಡದು ಆಕಿ ನಿಂತ ಕಡಿ ಬಿಟ್ಟು ಬ್ಯಾರೆ ಕಡಿ ತಿರುಗಿ "ಏನವ್ವ ನಿನ್ನ ಹೆಸರು" ಅಂದ. ಮಂದಿ ನಕ್ಕಿದ್ದು ಕೇಳಿಸ್ತು. ಆಮ್ಯಾಲ ನಗಿ ನಿಂತಿದ್ದೂ ಕೇಳಿಸ್ತು, ಒಮ್ಮಿಗೇ, ಎಲ್ಲರದೂ. ಇಷ್ಟು ವರ್ಷದಾಗ ಆ ಜಾಗದಾಗ ಹಾಂಗ ಎಂದೂ ಆಗಿದ್ದಿಲ್ಲ.

ಮುಗಿದ ಮ್ಯಾಲ ಚಾಳೀಸು ಕೊಡ್ಲಕ ಹೋದೆ. "ಆಯಿ, ನಿಮಗ ನಾಟಕ ಕಾಣ್ಲೇ ಇಲ್ಲಲ್ಲ" ಅಂದೆ. "ಕಾಣೋದೇನದ ಮಗಳೇ, ತಹಸೀಲಿಗಿ ನಾನೂ ಹೋಗಿ ಬಂದೀನಿ" ಅಂದ್ಳು. ರಾತ್ರಿ ಆಕಿ ಮನಿಯಾಗೇ ಉಂಡೆ, ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು.

ಐದನೇ ದಿನ

ಹುಮನಾಬಾದಿಗಿ ಹೋಗಿ ಟ್ರಂಕು ತಗೊಂಡು ಕಲಬುರಗಿಗಿ ವಾಪಸ್. ಧ್ವನಿ ಕೆಟ್ಟಿತ್ತು, ಮೈಕಿಲ್ಲದೇ ಬಯಲಾಗ ಆಡಿದ್ದಕ್ಕ. ಇಡೀ ದಿನ ಮಾತಾಡ್ಲಿಲ್ಲ, ಬೆಲ್ಲ ಮೆಣಸು ಬಾಯಾಗ ಇಟ್ಕೊಂಡು ಮಲಗಿದೆ. ಮನಿಯಾಗ ಅವ್ವ ಭೋಗಿಗಿ ಎಳ್ಳು ಹಚ್ಚಿ ಸಜ್ಜಿ ರೊಟ್ಟಿ ಬಡೀಲಕತ್ತಿದ್ಳು, ಆ ಸದ್ದು ಕೇಳ್ಕೋತ ನಿದ್ದಿ ಹತ್ತಿತು.

ಆರನೇ ದಿನ, ಯಾದಗಿರಿ

ಶಹಾಬಾದ, ವಾಡಿ, ನಾಲವಾರ ದಾಟಿ ಯಾದಗಿರಿ. ವಾಡಿ ಬಂದ ಕೂಡ್ಲೇ ಸಿಮೆಂಟಿನ ಧೂಳು ಮೂಗಿಗಿ ಗೊತ್ತಾಗ್ತದ, ನಾ ಸೆರಗು ಮೂಗಿಗಿ ಕಟ್ಕೊಂಡೆ. ಸಂಕ್ರಮಣ, ಮೈಲಾಪುರ ಮಲ್ಲಯ್ಯನ ಜಾತ್ರಿ, ರೈಲು ತುಂಬ ಭಂಡಾರದ ಅರಿಶಿಣ ಹಚ್ಕೊಂಡ ಮಂದಿ. ಅವತ್ತು ಶೋ ಇಟ್ಟಿದ್ದಿಲ್ಲ, ಜಾತ್ರಿ ದಿನ ಯಾರು ಬರ್ತಾರ. ಸ್ಟೇಷನ್ ಹೊರಗ ಚಾದಂಗಡಿದಾಗ ಕುಂತು ಮಾತು ಕೇಳಿದೆ, ಇದು ನನ್ನ ಕೆಲಸದಾಗ ಅರ್ಧ. ಹೊಸ ಊರಿಗಿ ಹೋದ್ರ ಮೊದಲ ಬಸ್‌ಸ್ಟ್ಯಾಂಡಿನಾಗೋ ಚಾದಂಗಡಿದಾಗೋ ಎರಡು ತಾಸು ಕುಂತು ಮಂದಿ ಮಾತು ಎಲ್ಲಿ ಎಳೀತಾರ, ಎಲ್ಲಿ ಕಡೀತಾರ ಕೇಳಬೇಕು. ಯಾದಗಿರಿದು ಕಲಬುರಗಿ ಹಾಂಗೇ ಅನಸ್ತದ, ಗುರುಮಠಕಲ್ ಕಡಿಯವರು ಬಾಯಿ ತೆಗದ್ರ ತೆಲುಗಿನ ಏರಿಳಿತ ಸೇರ್ಕೋತದ.

ಚಾದಂಗಡಿದ ಮುತ್ತ್ಯಾ ನನ್ನ ಟ್ರಂಕು ನೋಡಿ "ವೇಷದವರೇನವ್ವ" ಅಂದ. ಹೌದು ಅಂದೆ. ಅವ ಹಗಲುವೇಷದವರ ಬಗ್ಗೆ ಹೇಳ್ದ. ಅವ ಸಣ್ಣಾವ ಇದ್ದಾಗ ಊರಿಗಿ ಬಂದು ದಿನಕ್ಕೊಂದು ವೇಷ ಹಾಕಿ ಮನಿ ಮನಿ ತಿರುಗಿ, ಕಡೀ ದಿನ ಜ್ವಾಳ, ರೊಕ್ಕ ಇಸ್ಕೊಂಡು ಹೋಗೋರಂತ. "ರಾತ್ರಿ ಲೈಟಿನಾಗ ಯಾರಾರೂ ವೇಷ ಹಾಕ್ತಾರ, ಅವರು ಹಗಲಿನಾಗ ಬಿಸಿಲಾಗ ಹಾಕಿ ನಮಗ ನಂಬಸ್ತಿದ್ರು" ಅಂದ. ಆ ಮಾತು ಡೈರಿಯಾಗ ಬರ್ಕೊಂಡೀನಿ.

ಏಳನೇ ದಿನ, ಶಹಾಪುರ ದಾರಿದಾಗ ಒಂದು ಹಳ್ಳಿ

ಭೀಮಾ ಸೇತುವಿ ದಾಟಿ ಹೋದ್ವಿ. ಶಹಾಪುರ ಹತ್ರ ಬಂದ್ರ ಗುಡ್ಡ ಮಲಗಿದ ಬುದ್ಧನ ಹಾಂಗ ಕಾಣ್ತದ, ತಮ್ಮ ಮೊದಲನೇ ಸಲ ನೋಡಿದ, ಫೋಟೋ ತಗೊಂಡ.

ಹಬ್ಬದ ಮರುದಿನ ಕರಿ, ಹಿಂಗಾಗಿ ದುಡೀಲಕ ಬೆಂಗಳೂರು, ಪುಣೆಗಿ ಹೋದವರೆಲ್ಲಾ ಊರಾಗೇ ಇದ್ರು. ಈ ಭಾಗದಾಗ ಸುಗ್ಗಿ ಮುಗೀತಂದ್ರ ಮನಿಗೊಬ್ಬರು ಇಬ್ಬರು ಕಟ್ಟಡ ಕೆಲಸಕ್ಕ ಹೋಗೇ ಹೋಗ್ತಾರ, ಕೂಸು ಕುನ್ನಿ ಕಟ್ಕೊಂಡು. ಸಾಲಿ ಮುಂದಿನ ಬಯಲಾಗ ನಾಲ್ಕು ನೂರರ ಮ್ಯಾಲ ಮಂದಿ. ಬೀದರದಾಗ ಕಲ್ತಿದ್ದು, ಕಲ್ಯಾಣದಾಗ ಕಾರಕೂನ ಬದಲಾಗಿದ್ದು, ಎಲ್ಲಾ ಸೇರಿಸಿ ಆಡಿದೆ. ಚಾಳೀಸು ನಂದೇ ಹಾಕ್ಕೊಂಡೆ, ಗಾಜು ಸಾದಾ, ಆದ್ರ ನೋಡೋದು ಮಾತ್ರ ಆ ಆಯಿ ಚಾಳೀಸಿನಾಗಿಂದ ನೋಡಿದ ಹಾಂಗ. ಝರಾಕ್ಸ್ ಅಂಗಡಿ ಬಂದಾಗ ನಾ ಮಾತು ಹೇಳೋಕಿಂತ ಮುಂಚೇನೇ ಹಿಂದಿನ ಸಾಲಿಂದ ಯಾರೋ ಹೆಣ್ಮಗಳು "ನೀನೇ ಒರಿಜಿನಲ್ ಇದ್ದಿ ಅನ್ನವ್ವ ಅವಗ" ಅಂತ ಒದರಿದ್ಳು. ನಾ ಅನ್ಲಿಲ್ಲ. ಆ ಹುಡುಗನ ಕಡಿ ನೋಡ್ಕೋತ ನಿಂತೆ. ಮಂದಿ ನಗೋದು ಬಿಡ್ಲೇ ಇಲ್ಲ.

ಬುತ್ತಿ ಬಿಚ್ಚೋ ಜಾಗಕ್ಕ ಬಂದೆ. "ರೊಟ್ಟಿ ಹಿಂಡಿ ಅದ, ಎರಡು ದಿನ ನಡೀತದ." ಸಪ್ಪಳಿಲ್ಲ. ಮುಂದ ಕುಂತ ಹುಡುಗ್ರೂ ಸುಮ್ಮನ ಇದ್ವು.

ಟ್ರಂಕು ಕಟ್ಟೋವಾಗ ಒಬ್ಬ ಅಣ್ಣ ಬಂದ, ಹೆಂಡತಿ ಹಿಂದ ನಿಂತಿದ್ಳು, ಬಗಲಾಗ ಕೂಸು. ಬೆಂಗಳೂರಾಗ ಗಾರೆ ಕೆಲಸ ಅವನದು, ಎಂಟು ವರ್ಷ ಆತಂತ. "ಅಲ್ಲಿ ನಾವು ಹೊರಗ ಹೆಚ್ಚು ಮಾತಾಡಂಗಿಲ್ರಿ ಅಕ್ಕಾ. ಅಂಗಡಿಗಿ ಹೋದ್ರ ಬಟ್ಟು ಮಾಡಿ ತೋರಸ್ತಾಳ ಇಕಿ, ಬಾಯಿ ತೆಗದ್ರ ನಗ್ತಾರ ಅಂತ." ಆಮ್ಯಾಲ ಸ್ವಲ್ಪ ತಡದು ಕೇಳ್ದ, "ಅಲ್ಲಿ ನಮ್ಮ ಶೆಡ್ಡಿನ ಮುಂದ ಇದನ್ನ ಆಡ್ತೀರೇನ್ರಿ? ನಮ್ಮ ಕಡಿಯವರೇ ಅರವತ್ತು ಮನಿ ಇದ್ದೀವಿ. ಕರೆಂಟ್ ಅದ."

ಶೆಡ್ ಎಲ್ಲದ ಕೇಳಿದೆ, ಹೇಳ್ದ. ನನ್ನ ಮನಿಂದ ಎರಡು ಬಸ್ಸಿನ ದಾರಿ. ನೋಟ್‌ಬುಕ್ ತಗದೆ, ಯಾವ ದಿನ ಅಂದೆ. ಅವ ಹೆಂಡತಿ ಕಡಿ ನೋಡ್ದ. "ರವಿವಾರ," ಅಂದ್ಳು ಆಕಿ, "ಪಗಾರ ಆದ ರವಿವಾರ, ಸಂಜಿ ಮುಂದ, ಅಡಗಿ ಮಾಡ್ಕೊಂಡು ಬರ್ತೀವಿ."